ಹಿಂದಾಳು

ನಮ್ಮ ಕಡೆಗೆ ಹಿಮ ಬೀಳುವುದು ಪಠ್ಯಪುಸ್ತಕದಲ್ಲಿ ಮಾತ್ರ. ಆಲಮಟ್ಟಿಯ ಸುತ್ತಿನ ಹತ್ತು ಹಳ್ಳಿಗಳಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಬಿಸಿಲಿನ ಬಗೆಗಳನ್ನು ಬೆರಳು ಮಡಿಚಿ ಹೇಳಿಯಾರು. ಎಳೆಬಿಸಿಲು, ಏರುಬಿಸಿಲು, ಸುಡುಬಿಸಿಲು, ಇಳಿಬಿಸಿಲು ಹೀಗೆ. ಚಳಿಯ ವಿಷಯ ತೆಗೆದರೆ, ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ಕೌದಿ ಹೊದ್ದು ಮಲಗುತ್ತೇವೆ ಎಂದು ಹೇಳಿ ಆ ಪ್ರಕರಣವನ್ನು ಅಲ್ಲಿಗೇ ಮುಗಿಸುತ್ತಾರೆ. ಆಕಾಶದಿಂದ ಗಟ್ಟಿಯಾಗಿ ಬೀಳುವ ತಣ್ಣನೆಯ ಪದಾರ್ಥವೆಂದರೆ ನಮಗೆ ಗೊತ್ತಿರುವುದು ಆಣೆಕಲ್ಲು ಒಂದೇ. ಅದೂ ಎಂದೋ ಒಮ್ಮೆ, ಬೇಸಿಗೆಯ ಅಡ್ಡಮಳೆಯಲ್ಲಿ. ಹುಡುಗರು ಆಯ್ದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅದು ನೀರು. ದ್ರಾಕ್ಷಿಯ ತೋಟದವನಿಗೆ ಮಾತ್ರ ಅದು ಕಣ್ಣೀರು.

ನೆಲ ಹೇಗೋ ನುಡಿಯೂ ಹಾಗೆ. ‘ಮಂಜು’ ಎಂದರೆ ಆಗುಂಬೆಯ ಮುಂಜಾವಿನಲ್ಲಿ ಕಣ್ಣು ಕಟ್ಟುವ ಮಬ್ಬೂ ಹೌದು, ಹಿಮಾಲಯದ ನೆತ್ತಿಯ ಮೇಲೆ ವರ್ಷವಿಡೀ ಕರಗದೆ ಕೂತಿರುವ ಬಿಳುಪೂ ಹೌದು. ಎರಡಕ್ಕೂ ಒಂದೇ ಮಾತನ್ನು ಹಂಚಿಕೊಟ್ಟು ನಮ್ಮ ಹಿರಿಯರು ನಿಶ್ಚಿಂತರಾದರು. ‘ಹಿಮ’ ಸಂಸ್ಕೃತದಿಂದ ಬಂದದ್ದು. ನಮ್ಮೂರ ಸಂತೆಯ ‘ಬರ್ಫ’ ಪಾರಸಿಯಿಂದ ಬಂದದ್ದು. ತಮಿಳಿನವರಿಗೆ ‘ಪನಿ’ ಎಂಬ ಒಂದು ಮಾತು ಇಬ್ಬನಿಗೂ ಹಿಮಕ್ಕೂ ಸಲ್ಲುತ್ತದೆ. ಅದೇ ಪನಿ ನಮ್ಮಲ್ಲಿ ಪಕಾರ ಹಕಾರವಾಗಿ ‘ಹನಿ’ಯಾಯಿತು, ಹನಿ ಎಂದರೆ ನಮಗೆ ನೀರು. ದ್ರಾವಿಡ ಧಾತುವೊಂದು ಆಲಮಟ್ಟಿಯ ಬಿಸಿಲಿಗೆ ಬಂದು ಕರಗಿ ನೀರಾಯಿತು ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಹುಡುಗರು ನಗುತ್ತಾರೆ, ಭಾಷಾಶಾಸ್ತ್ರದ ಪಾಠದಲ್ಲಿ ನಗು ಬರುವುದೇ ಅಪರೂಪ, ಆದ್ದರಿಂದ ಪ್ರತಿವರ್ಷವೂ ಹೇಳುತ್ತೇನೆ.

ಕಾವ್ಯದಲ್ಲಾದರೂ ಹಿಮದ ಮೇಲೆ ನಡೆದವರಿದ್ದಾರೆಯೇ ಎಂದು ಹುಡುಕಿದರೆ ಅಲ್ಲಿಯೂ ಒಂದು ಸೋಜಿಗವಿದೆ. ಭಾರತದ ಕಥೆಯಲ್ಲಿ ಹಿಮದ ದೊಡ್ಡ ನಡಿಗೆಯೆಂದರೆ ಪಾಂಡವರ ಮಹಾಪ್ರಸ್ಥಾನ. ಆದರೆ ನಮ್ಮ ದೊಡ್ಡ ಕವಿಗಳು ಆ ದಾರಿಗೆ ಹೋಗಲೇ ಇಲ್ಲ. 941ರ ಪಂಪ ಅರ್ಜುನನಿಗೆ ಪಟ್ಟ ಕಟ್ಟಿ ಕಾವ್ಯ ಮುಗಿಸಿದ. ನಮ್ಮ ನೆರೆಯ ಮುಧೋಳದ ರನ್ನ ಭೀಮನಿಗೆ ಪಟ್ಟ ಕಟ್ಟಿ ಮುಗಿಸಿದ. ಗದುಗಿನ ನಾರಣಪ್ಪ ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಹಾಡಿ ಲೇಖನಿಯನ್ನು ಕೆಳಗಿಟ್ಟ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿಮಾಡಬೇಕಾಯಿತು. ಗೆದ್ದವನ ತಲೆಯ ಮೇಲೆ ಕಿರೀಟ ಬಂದೊಡನೆ ನಮ್ಮವರಿಗೆ ಕಥೆ ಮುಗಿಯಿತು. ಆ ಗೆದ್ದವರೇ ನಾರುಡೆಯುಟ್ಟು ಬಡಗಣಕ್ಕೆ ನಡೆದು ಒಬ್ಬೊಬ್ಬರಾಗಿ ಬಿದ್ದ ದಾರಿಯನ್ನು ಬಿಸಿಲ ನಾಡಿನ ಕವಿಗಳು ಬೇರೆಯವರಿಗೆ ಬಿಟ್ಟುಕೊಟ್ಟರು.

ಹಾಗೆಂದು ನಡೆಯುವುದು ನಮಗೆ ಹೊಸದೇನೂ ಅಲ್ಲ. ಯುಗಾದಿ ಸಮೀಪಿಸಿತೆಂದರೆ ನಮ್ಮ ಜಿಲ್ಲೆಯ ದಾರಿಗಳೆಲ್ಲ ಶ್ರೀಶೈಲದ ಕಡೆಗೆ ಮುಖ ತಿರುಗಿಸುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಿಂದ ಲೆಕ್ಕವಿಲ್ಲದ ಜನ ಕಂಬಿ ಹೊತ್ತು, ಮಲ್ಲಯ್ಯನ ಹೆಸರು ಹೇಳುತ್ತ ಹೊರಡುತ್ತಾರೆ. ನಮ್ಮೂರಿನಿಂದ 300 ಕಿಲೋಮೀಟರಿಗೂ ಮಿಕ್ಕ ದಾರಿ. ಮೇಲೆ ಸೂರ್ಯ, ಕೆಳಗೆ ಕಾದ ಡಾಂಬರು. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುವುದುಂಟು. ಆದರೆ ಆ ದಾರಿಯಲ್ಲಿ ಯಾರೂ ಒಂಟಿಯಲ್ಲ. ಹೆಜ್ಜೆಹೆಜ್ಜೆಗೆ ಊರುಗಳಿವೆ, ಊರಿನ ಮುಂದೆ ಪೆಂಡಾಲು, ಪೆಂಡಾಲಿನಲ್ಲಿ ಮಜ್ಜಿಗೆ, ರೊಟ್ಟಿ, ಬೊಬ್ಬೆಯೆದ್ದ ಪಾದಕ್ಕೆ ಎಣ್ಣೆ ತಿಕ್ಕುವ ಕೈಗಳು. ಹಿಂದೆ ಬಿದ್ದವನು ಬೇವಿನ ಗಿಡದ ಕೆಳಗೆ ಒಂದು ಹೊತ್ತು ಮಲಗಿ, ಮರುದಿನ ಬರುವ ಇನ್ನೊಂದು ತಂಡದ ಜೊತೆಗೆ ಸೇರಿಕೊಳ್ಳುತ್ತಾನೆ. ಬಿಸಿಲಿನ ದಾರಿಯಲ್ಲಿ ಹಿಂದೆ ಬಿದ್ದವನಿಗೆ ನೆರಳಿದೆ, ನೀರಿದೆ, ನಾಳೆಯಿದೆ. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇಂಥ ಊರಿನಲ್ಲಿ ಹುಟ್ಟಿ, ಇಂಥ ಬಿಸಿಲಿನಲ್ಲಿ ನಲವತ್ತು ದಾಟಿದ ಕನ್ನಡ ಮಾಸ್ತರನಿಗೆ ಹಿಮದ ಮೇಲೆ ನಡೆಯುವ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದರೆ, ಅದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ತಾಯಿ. ಅವರ ಮಗ ನನ್ನ ಹತ್ತಿರ ಎರಡು ವರ್ಷ ಕನ್ನಡ ಓದಿ ಸೈನ್ಯಕ್ಕೆ ಸೇರಿದವನು. 2018ರ ದೀಪಾವಳಿಯ ಹೊತ್ತಿಗೆ ಅವನು ಉತ್ತರದ ಗಡಿಯಲ್ಲಿದ್ದ. ಒಂದು ಸಂಜೆ ಅವರು ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕರೆದು ನಿಲ್ಲಿಸಿ ಕೇಳಿದರು:

“ಮಾಸ್ತರ್ರ, ಒಂದ ಮಾತ ಕೇಳಲೇನ್ರಿ? ನನ್ನ ಮಗಾ ಇರೋ ಕಡೆ ಬರೇ ಬರ್ಫ ಅಂತ. ನೆಲಾನ ಕಾಣಂಗಿಲ್ಲಂತ. ಹಂಗಿದ್ರ ಆಂವ ಕಾಲು ಎಲ್ಲಿ ಇಡ್ತಾನ್ರಿ?”

ಎಂ.ಎ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಚಳಿ ಎಷ್ಟಿರುತ್ತದೆ ಎಂದು ಕೇಳಿದ್ದರೆ ಅಂಕಿ ಹೇಳಬಹುದಾಗಿತ್ತು. ಬೂಟು ಕೊಡುತ್ತಾರೆ, ಉಣ್ಣೆಯ ಅಂಗಿ ಕೊಡುತ್ತಾರೆ ಎಂದು ನಾಲ್ಕು ಮಾತು ಆಡಿದೆ. ಅವರು ಕೇಳಿಸಿಕೊಂಡರು, ಆದರೆ ಅವರ ಪ್ರಶ್ನೆ ಅಲ್ಲಿಯೇ ನಿಂತಿತ್ತು. ಅವರು ಅದನ್ನು ಸುಮ್ಮನೆ ಕೇಳಿದ್ದಲ್ಲ ಎಂಬುದು ನನಗೆ ಗೊತ್ತಿತ್ತು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದನನ್ನು ನಮ್ಮ ಕಡೆಯ ಯಾವ ತಾಯಿಯೂ ಮರೆತಿಲ್ಲ. 1984ರಿಂದ ನಮ್ಮ ಸೈನ್ಯ ಕಾವಲಿರುವ ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲಿನ ಠಾಣ್ಯದ ಮೇಲೆ 2016ರ ಫೆಬ್ರವರಿ 3ರಂದು ಹಿಮದ ಗೋಡೆಯೇ ಕುಸಿದು ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹನುಮಂತಪ್ಪನೊಬ್ಬ ಜೀವದಿಂದಿರುವಂತೆ ಸಿಕ್ಕಿದ. ನಮ್ಮ ಊರುಗಳ ಗುಡಿಗಳಲ್ಲಿ, ದರ್ಗಾಗಳಲ್ಲಿ ಜನ ಅವನಿಗಾಗಿ ಬೇಡಿಕೊಂಡರು. ಫೆಬ್ರವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಆ ಹತ್ತು ಮಂದಿಯಲ್ಲಿ ಹಾಸನದವರೂ ಇದ್ದರು, ಹೆಗ್ಗಡದೇವನಕೋಟೆಯವರೂ ಇದ್ದರು. ಬಿಸಿಲ ನಾಡಿನ ಮಕ್ಕಳು ಹಿಮದಲ್ಲಿ ಕಾಲಿಡುತ್ತಾರೆ. ಎಲ್ಲಿ ಇಡುತ್ತಾರೆ ಎಂದು ತಾಯಿ ಕೇಳಿದರೆ ಹೇಳಲು ಬರಬೇಕಲ್ಲ?

ಸಿಯಾಚಿನ್‌ಗೆ ಮಾಸ್ತರರನ್ನು ಯಾರು ಬಿಟ್ಟಾರು! ನನ್ನ ಕೈಗೆ ನಿಲುಕುವ ಹಿಮ ಯಾವುದೆಂದು ವಿಚಾರಿಸಿದೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಕೇದಾರಕಾಂಠ ಎಂಬ ಬೆಟ್ಟವಿದೆ, ಚಳಿಗಾಲದಲ್ಲಿಯೇ ಅದನ್ನು ಹತ್ತುವ ವಾಡಿಕೆ, ಬೆಂಗಳೂರು ಹುಬ್ಬಳ್ಳಿಗಳ ಹುಡುಗರು ತಂಡಕಟ್ಟಿಕೊಂಡು ಹೋಗುತ್ತಾರೆ ಎಂದು ತಿಳಿಯಿತು. 2019ರ ಸಂಕ್ರಾಂತಿಯ ಸಜ್ಜಿರೊಟ್ಟಿ ತಿಂದು, ಉಳಿದ ರಜೆಗಳನ್ನು ಒಟ್ಟುಗೂಡಿಸಿ ಹೊರಟೆ. ಆಲಮಟ್ಟಿಯಿಂದ ಸೊಲ್ಲಾಪುರ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿ, ದಿಲ್ಲಿಯಿಂದ ಡೆಹರಾಡೂನು, ಆಮೇಲೆ ಮಸ್ಸೂರಿ, ಪುರೋಲಾ, ಮೋರಿಗಳ ಮೇಲೆ ಹಾಯ್ದು ಒಂದು ಇಡೀ ಹಗಲಿನ ತಿರುವುದಾರಿ. ನೈಟ್ವಾರ್ ಎಂಬಲ್ಲಿ ರೂಪಿನ್, ಸೂಪಿನ್ ಎಂಬೆರಡು ಹೊಳೆ ಕೂಡಿ ಟೌನ್ಸ್ ಎಂಬ ನದಿಯಾಗುತ್ತದೆ. ಅದರ ಹತ್ತಿರದ ಹಳ್ಳಿಯಲ್ಲಿ ಕರ್ಣನ ಗುಡಿಯಿದೆ ಎಂದು ಕೇಳಿ, ಪಂಪನ ಕರ್ಣನನ್ನು ಪಾಠ ಹೇಳುವವನಾದ್ದರಿಂದ ಗಾಡಿಯಲ್ಲಿಯೇ ಕೈಮುಗಿದೆ. ಸಂಜೆಗೆ ಸಾಂಕ್ರಿ. ದೇವದಾರು ಮರದ ಮನೆಗಳ ಪುಟ್ಟ ಊರು. ಎತ್ತರ ಸುಮಾರು 6,400 ಅಡಿ. ಕೇದಾರಕಾಂಠದ ನೆತ್ತಿ ಸುಮಾರು 12,500 ಅಡಿ.

ನಮ್ಮ ತಂಡದಲ್ಲಿ ಹದಿನಾಲ್ಕು ಮಂದಿ. ನನ್ನನ್ನು ಬಿಟ್ಟರೆ ಉಳಿದವರೆಲ್ಲ ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ದಾರಿ ತೋರಿಸಲು ಅದೇ ಕಣಿವೆಯ ಇಬ್ಬರು. ಒಬ್ಬ ಮುಂದೆ ನಡೆಯುವವನು. ಅವನಿಗೆ ನಮ್ಮ ಭಾಷೆಯಲ್ಲಿ ‘ಮುಂದಾಳು’ ಎಂಬ ಒಳ್ಳೆಯ ಮಾತಿದೆ. ಇನ್ನೊಬ್ಬ ಇಪ್ಪತ್ತೆರಡರ ಹುಡುಗ, ಎಲ್ಲರಿಗಿಂತ ಹಿಂದೆ ನಡೆಯುವವನು. ಅವನಿಗೆ ಒಂದೇ ಕಟ್ಟಳೆ: ತನ್ನ ಹಿಂದೆ ಯಾರೂ ಇರಕೂಡದು. ಯಾರು ಎಷ್ಟೇ ನಿಧಾನವಾಗಿ ನಡೆಯಲಿ, ಅವರಿಗಿಂತ ಅವನು ನಿಧಾನವಾಗಿ ನಡೆಯಬೇಕು. ಇಂಥವನಿಗೆ ಕನ್ನಡದಲ್ಲಿ ಏನೆನ್ನುವುದು? ‘ಹಿಂಬಾಲಕ’ ಎಂದರೆ ಅರ್ಥ ಬೇರೆಯಾಯಿತು. ಹಿಂಬಾಲಕ ಮುಂದಿನವನನ್ನು ನಂಬಿ ಬರುವವನು, ಇಲ್ಲಿ ಮುಂದಿನವರೆಲ್ಲ ಇವನನ್ನು ನಂಬಿದ್ದಾರೆ. ‘ಹಿಂದಾಳು’ ಎಂದು ನಾನೇ ಹೆಸರಿಟ್ಟುಕೊಂಡೆ. ಅವನ ಹಿಂದೆ, ಯಾರೂ ಕರೆಯದೆ, ಸಾಂಕ್ರಿಯಿಂದಲೇ ಒಂದು ಕರಿಯ ಜೂಲುನಾಯಿ ಬಾಲ ಮೇಲೆತ್ತಿ ಹೊರಟಿತ್ತು. ಆ ಕಡೆಯ ನಾಯಿಗಳಿಗೆ ಇದು ರೂಢಿಯಂತೆ. ಯಾವ ತಂಡ ಹೊರಟರೂ ಒಂದು ಜೊತೆಗೂಡುತ್ತದೆ.

ಮೊದಲ ದಿನ ಪೈನ್ ಮತ್ತು ಓಕ್ ಮರಗಳ ನಡುವೆ ಏರಿ, ಸುಮಾರು 9,100 ಅಡಿಯ ಜುಡಾ ಕಾ ತಾಲಾಬ್ ಎಂಬ ಕೆರೆಯ ದಂಡೆಗೆ ಬಂದೆವು. ಕೆರೆ ಹೆಪ್ಪುಗಟ್ಟಿತ್ತು. ಜಲಾಶಯದ ಊರಿನವನಾದ ನನಗೆ ಕೆರೆಯ ಮೇಲೆ ಅಲೆಯಿಲ್ಲದಿರುವುದನ್ನು ನೋಡಿ ಏನೋ ಒಂದು ಬಗೆಯ ಸಂಕಟವಾಯಿತು. ಅಲ್ಲಿಂದ ಮುಂದೆ ಎಲ್ಲವೂ ಬಿಳಿ. ನಮ್ಮ ಕಡೆ ಬಿಳಿಯೆಂದರೆ ಒಡೆದ ಹತ್ತಿಯ ಹೊಲ. ಆದರೆ ಹತ್ತಿಯ ಕೆಳಗೆ ಕರಿಯ ನೆಲ ಕಾಣುತ್ತಿರುತ್ತದೆ. ಇಲ್ಲಿ ಕೆಳಗೆ ಏನಿದೆಯೋ, ಬಂಡೆಯೋ, ಬೇರೋ, ಹಳ್ಳವೋ, ಹೇಳುವವರಿಲ್ಲ. ತಾಯಿಯ ಪ್ರಶ್ನೆ ಅಲ್ಲಿ ನನ್ನದೇ ಪ್ರಶ್ನೆಯಾಯಿತು. ಕಾಲು ಎಲ್ಲಿ ಇಡಬೇಕು?

ಉತ್ತರ ಕಣ್ಣ ಮುಂದೆಯೇ ಇತ್ತು. ಮುಂದಾಳು ಕೋಲಿನಿಂದ ಚುಚ್ಚಿ ನೋಡುತ್ತಾನೆ, ಬೂಟಿನ ತುದಿಯಿಂದ ಹಿಮವನ್ನು ಒದ್ದು ಒಂದು ಮೆಟ್ಟಿಲು ಮಾಡುತ್ತಾನೆ, ಅದರ ಮೇಲೆ ತನ್ನ ಭಾರ ಹಾಕುತ್ತಾನೆ. ಎರಡನೆಯವನು ಅದೇ ಕುಳಿಯಲ್ಲಿ ಕಾಲಿಡುತ್ತಾನೆ; ಹಿಮ ಇನ್ನಷ್ಟು ಗಟ್ಟಿಯಾಗುತ್ತದೆ. ಹದಿನಾಲ್ಕನೆಯವನು ಬರುವ ಹೊತ್ತಿಗೆ ಅದು ಕಲ್ಲಿನ ಪಾವಟಿಗೆಯಂತೆ ಗಟ್ಟಿ. ಹೊಸ ಹಿಮದಲ್ಲಿ ದಾರಿ ಒಡೆಯುವುದು ಬಹಳ ಬಳಲಿಕೆಯ ಕೆಲಸ. ಮೊಣಕಾಲವರೆಗೆ ಹೂತ ಕಾಲನ್ನು ಪ್ರತಿಸಲವೂ ಎತ್ತಿ ಎತ್ತಿ ಇಡಬೇಕು. ಆದ್ದರಿಂದ ಗಟ್ಟಿಯಾದ ಹುಡುಗರು ಸರದಿಯ ಮೇಲೆ ಮುಂದೆ ಹೋಗುತ್ತಿದ್ದರು. ದಣಿದವನು ಪಕ್ಕಕ್ಕೆ ಸರಿದು ಸಾಲಿನ ನಡುವೆ ಸೇರಿಕೊಳ್ಳುತ್ತಿದ್ದ. ಮುಂದಾಳುತನ ಸರದಿಯ ಮೇಲೆ ಬಂದು ಹೋಯಿತು. ಹಿಂದಾಳಿನ ಜಾಗ ಮಾತ್ರ ಬದಲಾಗಲಿಲ್ಲ.

ಹೂಳುವ ಕಾಲಿನ ಕಷ್ಟ ನಮ್ಮವರಿಗೆ ಹೊಸದಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ನಡೆದವರಿಗೆ ಗೊತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಸೇರು ಮಣ್ಣು ಕಾಲಿಗೆ ಹತ್ತಿಕೊಂಡು ಬರುತ್ತದೆ. ಹಿಮ ಅಷ್ಟು ಅಂಟುವುದಿಲ್ಲ. ಅದು ಸುಮ್ಮನೆ ನುಂಗುತ್ತದೆ. ಕೆಸರಿಗೆ ನಾವು ಕಂಡುಕೊಂಡ ಉಪಾಯ ಮರಗಾಲು. ಶ್ರಾವಣದ ರಾಡಿಯಲ್ಲಿ ನಾವು ಹುಡುಗರು ಮರಗಾಲು ಕಟ್ಟಿಕೊಂಡು ಓಣಿಯ ರಾಜರಂತೆ ತಿರುಗುತ್ತಿದ್ದೆವು. ಹಿಮದ ನಾಡಿನವರು ಕಂಡುಕೊಂಡ ಉಪಾಯ ಇದಕ್ಕೆ ತೀರ ವಿರುದ್ಧವಾದುದು. ನಾವು ಕಾಲನ್ನು ಉದ್ದ ಮಾಡಿದೆವು, ಅವರು ಅಗಲ ಮಾಡಿದರು. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ಕೋಲನ್ನು ಬಾಗಿಸಿ, ನಡುವೆ ತೊಗಲಿನ ದಾರ ಹೆಣೆದು, ಜರಡಿಯಂಥ ಒಂದು ಪಾದರಕ್ಷೆ ಮಾಡಿಕೊಂಡಿದ್ದರು. ಅದೇ ಇಂದಿನ ಸ್ನೋಶೂ. ಈಗಿನವು ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ಕಿನವು. ನಮ್ಮ ಕಾಶ್ಮೀರದಲ್ಲಿ ಭತ್ತದ ಹುಲ್ಲು ಹೆಣೆದು ಮಾಡಿದ ‘ಪುಲ್ಹೋರ್’ ಎಂಬ ಮೆಟ್ಟು ಇತ್ತು. ಅದು ಜಾರದಂತೆ ಹಿಡಿಯುತ್ತಿತ್ತು.

ಕೇದಾರಕಾಂಠದ ದಾರಿಯಲ್ಲಿ ಸಾಮಾನ್ಯವಾಗಿ ಸ್ನೋಶೂ ಬಳಸುವುದಿಲ್ಲ. ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಹಲ್ಲುಗಳೇ ಅಲ್ಲಿ ಸಾಕು. ಆದರೆ ನಮ್ಮ ಮುಂದಾಳಿನ ಹತ್ತಿರ ಹಳೆಯದೊಂದು ಜೊತೆ ಇತ್ತು. ನನ್ನ ಕುತೂಹಲ ನೋಡಿ, ಡೇರೆಯ ಪಕ್ಕದ ಹುಲ್ಲುಗಾವಲಿನಲ್ಲಿ ನನಗೆ ಕಟ್ಟಿಕೊಟ್ಟ. ಲೆಕ್ಕ ಸರಳವಾದದ್ದು. ನಾನು 65 ಕಿಲೋ ತೂಗುತ್ತೇನೆ. ಬೂಟಿನ ಅಂಗಾಲು ಸುಮಾರು 250 ಚದರ ಸೆಂಟಿಮೀಟರು; ಒಂಟಿಕಾಲಿನ ಮೇಲೆ ನಿಂತರೆ ಪ್ರತಿ ಚದರ ಸೆಂಟಿಮೀಟರಿಗೆ 260 ಗ್ರಾಂ ಭಾರ. ಸ್ನೋಶೂವಿನ ಹರವು ಸುಮಾರು 1,300 ಚದರ ಸೆಂಟಿಮೀಟರು; ಭಾರ 50 ಗ್ರಾಮಿಗೆ ಇಳಿಯಿತು. ಅದೇ ಮನುಷ್ಯ, ಅದೇ ಹಿಮ. ಮೊಣಕಾಲವರೆಗೆ ಹೂಳುತ್ತಿದ್ದವನು ಗೇಣು ಹೂತು ನಿಂತೆ. ಕಾಲನ್ನು ಅಗಲಿಸಿ ಬಾತುಕೋಳಿಯಂತೆ ನಡೆಯಬೇಕು, ಹಿಂದಕ್ಕೆ ಹೆಜ್ಜೆಯಿಡಹೋದರೆ ಬೀಳುತ್ತೇವೆ. ತರಗತಿಯ ಹುಡುಗರು ಆಗ ನನ್ನನ್ನು ನೋಡದೆ ಹೋದದ್ದು ಕನ್ನಡ ವಿಭಾಗದ ಭಾಗ್ಯ.

ಕೊನೆಯ ಏರು ನಡುರಾತ್ರಿ ಕಳೆದ ಮೇಲೆ, ಮೂರು ಗಂಟೆಗೆ ಮೊದಲಾಯಿತು. ಅಷ್ಟು ಬೇಗ ಏಕೆ ಎಂದರೆ, ಇರುಳ ಚಳಿಗೆ ಹಿಮದ ಮೇಲ್ಪದರು ಹಪ್ಪಳದಂತೆ ಬಿರುಸಾಗಿರುತ್ತದೆ, ಕಾಲು ಹೂಳುವುದಿಲ್ಲ. ಬಿಸಿಲೇರಿದರೆ ಅದು ಸಡಿಲವಾಗುತ್ತದೆ. ಎತ್ತರಕ್ಕೆ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ ಎಂಬುದು ಭೂಗೋಲದ ಪಾಠ. ತುಂಬಿದ ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರು, ಈ ಬೆಟ್ಟ ಸುಮಾರು 3,800. ಆ ಪಾಠ ಮೂಗಿನ ತುದಿಗೆ, ಬೆರಳಿನ ತುದಿಗೆ ತಿಳಿಯಿತು. ತಲೆಗೆ ಕಟ್ಟಿದ ದೀಪಗಳ ಸಾಲು ಮುಂದೆ ಮುಂದೆ ಏರುತ್ತ ಹೋಯಿತು. ನಾನು ಹಿಂದೆ ಹಿಂದೆ ಉಳಿದೆ. ನನ್ನ ಹಿಂದೆ ಇಬ್ಬರೇ: ಹಿಂದಾಳು ಮತ್ತು ನಾಯಿ.

ಒಂದು ತಿರುವಿನಲ್ಲಿ ಕುಳಿತೆ. ದಣಿವಿನ ಬಗೆಗೆ ಬಹಳ ಓದಿದ್ದೇನೆ. ಈ ದಣಿವು ಬೇರೆ. ನೋವಿಲ್ಲ, ಭಯವಿಲ್ಲ; ಹಿಮದ ಮೇಲೆ ಒರಗಿದರೆ ಹತ್ತಿಯ ಗಾದಿಯಂತೆ ಮೆತ್ತಗೆ. ಉಸಿರು ನೆಟ್ಟಗಾಗುವವರೆಗೆ ಐದು ನಿಮಿಷ ಕಣ್ಣು ಮುಚ್ಚಿದರೆ ಏನಾದೀತು ಎನಿಸಿತು. ಬೆವರಿದ ಅಂಗಿಯೊಳಗೆ ಚಳಿ ಇಳಿಯುತ್ತಿದ್ದುದು ಗೊತ್ತಾಗುತ್ತಿತ್ತು, ಆದರೆ ಅದು ಬೇರೆ ಯಾರದೋ ಮೈ ಎಂಬಂತಿತ್ತು. ಮುಂದೆ ಹೋದವರ ದೀಪಗಳು ಕಾಣದಾಗಿದ್ದವು. ಆಗ ಆ ಹುಡುಗ ನನ್ನ ಮುಂದೆ ಬಂದು ಮಂಡಿಯೂರಿದ.

“ಬೈಠನಾ ನಹೀಂ, ಮಾಸ್ಟರ್‌ಜೀ,” ಎಂದ. ಗದರಿಸಲಿಲ್ಲ, ಹುರಿದುಂಬಿಸಲೂ ಇಲ್ಲ. ನನ್ನ ಕೈಚೀಲ ಬಿಚ್ಚಿ ಬೆರಳುಗಳನ್ನು ತನ್ನ ಎರಡು ಅಂಗೈಗಳ ನಡುವೆ ತಿಕ್ಕಿದ, ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿದ, ಎಬ್ಬಿಸಿ ನಿಲ್ಲಿಸಿದ. ಹತ್ತು ಹೆಜ್ಜೆ, ಆಮೇಲೆ ಹತ್ತು ಉಸಿರು, ಮತ್ತೆ ಹತ್ತು ಹೆಜ್ಜೆ ಎಂದು ಲೆಕ್ಕ ಹೇಳಿಕೊಟ್ಟ. ಇಳಿಯಬೇಕೆಂದರೆ ನನ್ನ ಜೊತೆ ಇಳಿಯುತ್ತೇನೆ, ಏರಬೇಕೆಂದರೆ ನನ್ನ ಜೊತೆ ಏರುತ್ತೇನೆ, ಇಲ್ಲಿ ಕೂಡುವುದೊಂದು ಮಾತ್ರ ಆಗದು ಎಂದ. ನಾನು ಏರಿದೆ. ಹತ್ತರ ಮಗ್ಗಿ ಅಷ್ಟು ದೀರ್ಘವೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಂಡ ತಲುಪಿ ಅರ್ಧ ತಾಸಾದ ಮೇಲೆ ನಾನು ನೆತ್ತಿ ತಲುಪಿದೆ. ಕೊನೆಯವನಾಗಿ ತಲುಪಿದೆ ಎನ್ನುವ ಹಾಗಿಲ್ಲ. ನನ್ನ ಹಿಂದೆ ಅವನಿದ್ದ.

ಸೂರ್ಯ ಆಗತಾನೆ ಮೂಡಿದ್ದ. ಎದುರಿಗೆ ಬಂದರಪೂಂಛ್, ಕಾಲಾನಾಗ್, ಸ್ವರ್ಗಾರೋಹಿಣಿ. 6,252 ಮೀಟರಿನ ಆ ಶಿಖರದ ದಾರಿಯಿಂದಲೇ ಧರ್ಮರಾಯ ಸ್ವರ್ಗಕ್ಕೆ ಏರಿದನೆಂದು ಆ ಕಣಿವೆಯವರು ಹೇಳುತ್ತಾರೆ. ಬದರಿಯ ಕಡೆಯವರು ಅದೇ ಹೆಸರಿನ ತಮ್ಮ ಕಡೆಯ ಬೆಟ್ಟವನ್ನು ತೋರಿಸುತ್ತಾರೆ. ಯಾವುದಾದರೂ ಇರಲಿ, ಪಂಪ, ರನ್ನ, ನಾರಣಪ್ಪ ಮೂವರೂ ಬಿಟ್ಟುಹೋದ ದಾರಿ ನನ್ನ ಕಣ್ಣೆದುರಿಗೆ ಬೆಳ್ಳಗೆ ಬಿದ್ದಿತ್ತು.

ಇಳಿಯುವಾಗ ಕಾಲಿಗಿಂತ ತಲೆಗೆ ಬಿಡುವು ಹೆಚ್ಚು. ಆ ಹಿಮವೆಲ್ಲ ಬೇಸಿಗೆಯಲ್ಲಿ ಕರಗಿ ಟೌನ್ಸ್ ನದಿಗೆ ಸೇರುತ್ತದೆ, ಟೌನ್ಸ್ ಯಮುನೆಗೆ. ನಮ್ಮ ಕೃಷ್ಣೆ ಮಹಾಬಲೇಶ್ವರದ ಮಳೆಯ ಮಗಳು. ಅವಳಿಗೆ ಹಿಮದ ತವರಿಲ್ಲ. ಮಳೆಗಾಲದಲ್ಲಿ ದಂಡೆ ಮೀರಿ, ಬೇಸಿಗೆಯಲ್ಲಿ ಬಡವಾಗುತ್ತಾಳೆ. ಆದ್ದರಿಂದಲೇ 1964ರಲ್ಲಿ ಲಾಲ್‌ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಡಬೇಕಾಯಿತು, ನಾವು ಎಷ್ಟೋ ಊರುಗಳನ್ನು ನೀರಿಗೆ ಕೊಟ್ಟು ನೀರನ್ನು ಕೂಡಿಡಬೇಕಾಯಿತು. ಹಿಮಾಲಯಕ್ಕೆ ಆ ಚಿಂತೆಯಿಲ್ಲ. ಹಿಮವೆಂದರೆ ಬೆಟ್ಟ ತಾನೇ ಕಟ್ಟಿಕೊಂಡ ಅಣೆಕಟ್ಟು. ಇವತ್ತಿನದನ್ನು ಹಿಡಿದಿಟ್ಟು, ಹಿಂದೆ ಬರುವ ತಿಂಗಳುಗಳಿಗೆ ಹನಿಹನಿಯಾಗಿ ಕೊಡುತ್ತದೆ. ಪನಿ ಹನಿಯಾಗುವ ಪಾಠ ನನಗೆ ಅಲ್ಲಿ ಇನ್ನೊಂದು ಬಗೆಯಲ್ಲಿ ಕಂಡಿತು.

ಊರಿಗೆ ಬಂದ ಮೂರನೆಯ ದಿನ ಆ ತಾಯಿಯ ಕಟ್ಟೆಗೆ ಹೋದೆ. “ಅವ್ವಾರ, ಕಾಲು ಎಲ್ಲಿ ಇಡ್ತಾನ ಅಂತ ಕೇಳಿದ್ರೆಲ್ಲ? ಮುಂದಿನಾಂವ ಇಟ್ಟ ಹೆಜ್ಜಿ ಒಳಗ ಇಡ್ತಾನ್ರಿ,” ಎಂದೆ.

“ಮುಂದಿನಾಂವ ಎಲ್ಲಿ ಇಡ್ತಾನ್ರಿ?”

“ಕೋಲು ಚುಚ್ಚಿ, ಗಟ್ಟಿ ಐತೇನು ನೋಡಿ ಇಡ್ತಾನ್ರಿ. ಬಿರುಕು ಇದ್ದ ಕಡೆ ನಡುವಿಗೆ ಒಂದ ಹಗ್ಗ ಕಟಗೊಂಡು ಎಲ್ಲಾರೂ ಸಾಲಾಗಿ ನಡೀತಾರ. ಒಬ್ಬಾಂವ ಕುಸಿದ್ರ ಉಳಿದವರು ಹಿಡೀತಾರ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಿಂದ ಯಾರರೆ ಇರ್ತಾರೇನ್ರಿ?”

“ಇರ್ತಾರ್ರಿ. ಹಿಂದ ಒಬ್ಬಾಂವ ಇದ್ದೇ ಇರ್ತಾನ.”

“ಹಂಗಾದ್ರ ಅಡ್ಡಿ ಇಲ್ಲ ಬಿಡ್ರಿ,” ಎಂದು ಎದ್ದು ಒಳಗೆ ಹೋಗಿ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಬೆಟದೂರಿನ ಹೆಸರು ನಮ್ಮ ನಡುವೆ ಬರಲಿಲ್ಲ. ಆದರೆ ಇಬ್ಬರೂ ಅದನ್ನೇ ನೆನೆಯುತ್ತಿದ್ದೆವು. ಹನುಮಂತಪ್ಪನೂ ಅವನ ಜೊತೆಗಾರರೂ ಹೂತುಹೋದಾಗ, ಅಷ್ಟು ಎತ್ತರದಲ್ಲಿ, ಉಸಿರಿಗೆ ಗಾಳಿ ಸಾಲದ ಆ ಜಾಗದಲ್ಲಿ, ಬದುಕಿದ್ದಾರೆಂಬ ಭರವಸೆ ಯಾರಿಗೂ ಉಳಿಯದಿದ್ದರೂ, ಜೊತೆಯ ಸೈನಿಕರು ನಾಯಿಗಳನ್ನು ಕರೆತಂದು ವಾಸನೆ ಹಿಡಿಸಿ, ಕಲ್ಲಿನಂಥ ಮಂಜುಗಡ್ಡೆಯನ್ನು ದಿನಗಟ್ಟಲೆ ಕಡಿದರು. ಅವರು ಅಗೆಯುವುದನ್ನು ಬಿಟ್ಟಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಹನುಮಂತಪ್ಪ ಉಳಿಯಲಿಲ್ಲ. ಆದರೂ ಅವನು ಹಿಮದ ಕೆಳಗೆ ಒಬ್ಬನೇ ಸಾಯಲಿಲ್ಲ. ಮನುಷ್ಯರ ಕೈಗಳ ನಡುವೆ ಸತ್ತ. ತಾಯಂದಿರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಆ ವರ್ಷದಿಂದ ತರಗತಿಯಲ್ಲಿ ಗದಾಪರ್ವ ಮುಗಿದ ಮೇಲೆ, ಪಠ್ಯದಲ್ಲಿ ಇಲ್ಲದಿದ್ದರೂ, ಮಹಾಪ್ರಸ್ಥಾನದ ಕಥೆಯನ್ನು ಒಂದು ತಾಸು ಹೇಳುತ್ತೇನೆ. ವ್ಯಾಸರ ಕಥೆಯಲ್ಲಿ ಹಿಮವಂತವನ್ನು ದಾಟಿ, ಮರಳ ಕಡಲನ್ನು ದಾಟಿ, ಮೇರುವಿನ ಕಡೆಗೆ ನಡೆಯುವಾಗ ಮೊದಲು ದ್ರೌಪದಿ ಬೀಳುತ್ತಾಳೆ. ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಬಿದ್ದವರು ಏಕೆ ಬಿದ್ದರೆಂದು ಭೀಮ ಕೇಳುತ್ತಾನೆ. ಧರ್ಮರಾಯ ಒಬ್ಬೊಬ್ಬರ ತಪ್ಪನ್ನು ಹೇಳಿ, ಹಿಂದೆ ನೋಡದೆ ನಡೆಯುತ್ತಾನೆ. ಹುಡುಗರು ಸಿಟ್ಟಾಗುತ್ತಾರೆ, ಎತ್ತಿ ನಿಲ್ಲಿಸಬಾರದಾಗಿತ್ತೇ ಸರ್, ಎಂದು ಕೇಳುತ್ತಾರೆ. ಬದುಕಿರುವತನಕ ನಾನು ಅವರನ್ನು ಬಿಡಲಿಲ್ಲವೆಂದು ಧರ್ಮರಾಯನೇ ಇಂದ್ರನಿಗೆ ಹೇಳಿದ ಮಾತನ್ನು ಅವರಿಗೆ ನೆನಪಿಸುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ, ಆಗದಿದ್ದರೂ ಒಳ್ಳೆಯದೇ.

ಆಮೇಲೆ ಒಂದು ಸಣ್ಣ ಲೆಕ್ಕ ಕೇಳುತ್ತೇನೆ. ಹಸ್ತಿನಾವತಿಯಿಂದ ಹೊರಟವರು ಎಷ್ಟು ಮಂದಿ? ಆರು ಎನ್ನುತ್ತಾರೆ ಎಲ್ಲರೂ. ಅಣ್ಣತಮ್ಮಂದಿರು ಐವರು, ಆರನೆಯವಳು ದ್ರೌಪದಿ, ಏಳನೆಯದು ನಾಯಿ ಎಂದು ವ್ಯಾಸರು ಎಣಿಸಿ ಹೇಳಿದ್ದಾರೆ. ಎಲ್ಲರಿಗಿಂತ ಹಿಂದೆ, ಯಾರೂ ಕರೆಯದೆ ಬಂದದ್ದು ಅದು. ಬಿದ್ದವರೆಲ್ಲರ ಪಕ್ಕದಿಂದ ಹಾಯ್ದು ಬಂದದ್ದು ಅದು. ಕೊನೆಯಲ್ಲಿ ಅದು ನಾಯಿಯಾಗಿರಲಿಲ್ಲ, ಸಾಕ್ಷಾತ್ ಧರ್ಮನೇ ಆಗಿದ್ದ ಎಂದು ತಿಳಿಯುತ್ತದೆ. ಧರ್ಮರಾಯನೆಂಬ ಹೆಸರಿನವನು ಮುಂದಾಳಾಗಿ ನಡೆದ. ಧರ್ಮ ಹಿಂದಾಳಾಗಿ ಬಂದಿತು.

ಆ ಸೈನಿಕ ಹುಡುಗ ಈಗ ಬೆಟ್ಟದಿಂದ ಇಳಿದು ಬಯಲಿನ ಠಾಣ್ಯದಲ್ಲಿದ್ದಾನೆ. ರಜೆಯಲ್ಲಿ ಬಂದಾಗ ನನ್ನ ಹೊಸ ಪದವನ್ನು ಅವನ ಮುಂದಿಟ್ಟೆ. ಸಾಲಿನಲ್ಲಿ ನೀನು ಎಲ್ಲಿ ನಡೆಯುತ್ತಿದ್ದಿ ಎಂದು ಕೇಳಿದೆ. “ಬಹಳ ಸಲ ಹಿಂದ್ರಿ, ಸರ,” ಎಂದು ನಕ್ಕ. ಅವನ ತಾಯಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಮತ್ತೆ ಬಡಿಯತೊಡಗಿದರು.